ಬೆಟ್ಟದ ನೆತ್ತಿಯಲ್ಲಿ ಕೂತು ಗಿಡುಗ ಎಣಿಸುವುದು ಹೇಗೆ?

ವಲಸೆ ಗಿಡುಗ ನೋಡಲು ಹೊರಡುವವರು ಮೊದಲು ತೆರೆಯಬೇಕಾದದ್ದು ಹವಾಮಾನ ವರದಿ. ಬೈನಾಕ್ಯುಲರ್ ಆಮೇಲೆ.

ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಇದಕ್ಕೆ ಹೆಸರಾದ ಜಾಗ. ಹಿಂದೆ ಇಲ್ಲಿ ಗಿಡುಗಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ಹಕ್ಕಿಗಳ ರಕ್ಷಣೆಗೆ ಹೋರಾಡುತ್ತಿದ್ದ ರೊಸಾಲಿ ಎಡ್ಜ್ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು ಕಾವಲು ಹಾಕಿಸಿದರು. ಈಗ ಪ್ರತಿವರ್ಷ ಆಗಸ್ಟ್ 15ರಿಂದ ಡಿಸೆಂಬರ್ 15ರವರೆಗೆ ಎಣಿಕೆ ನಡೆಯುತ್ತದೆ.

ದಿನ ಆರಿಸುವುದು: ಬ್ರಾಡ್‌ವಿಂಗ್ ಗಿಡುಗಗಳಿಗೆ ಸೆಪ್ಟೆಂಬರ್ ನಡುಭಾಗ, ಶಾರ್ಪ್‌ಶಿನ್ ಎಂಬ ಪುಟ್ಟ ಗಿಡುಗಕ್ಕೆ ಅಕ್ಟೋಬರ್, ಗೋಲ್ಡನ್ ಈಗಲ್ ಎಂಬ ದೊಡ್ಡ ಹದ್ದಿಗೆ ನವೆಂಬರ್ ಆರಂಭ. ಶೀತಮಾರುತ ದಾಟಿ ವಾಯವ್ಯದ ಗಾಳಿ ಬೀಸುವ ದಿನ ಹೋಗಿ. ಆ ಗಾಳಿ ಬೆಟ್ಟದ ಪಕ್ಕೆಗೆ ಬಡಿದು ಮೇಲೇರುತ್ತದೆ. ಹಕ್ಕಿಗಳು ಅದರ ಮೇಲೆ ರೆಕ್ಕೆ ಬಡಿಯದೆಯೇ ಸಾಗುತ್ತವೆ. ಮೋಡವೇ ಇಲ್ಲದ ನೀಲಿ ಆಕಾಶ ನೋಡಿ ಹಿಗ್ಗಬೇಡಿ, ಎತ್ತರದ ಹಕ್ಕಿ ಅದರಲ್ಲಿ ಕರಗಿಹೋಗುತ್ತದೆ. ಅಲ್ಲಲ್ಲಿ ಬಿಳಿ ಮೋಡವಿದ್ದರೆ ಲೇಸು.

ಸಾಮಾನು: 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ) ಬೈನಾಕ್ಯುಲರ್ ಸಾಕು. ಹೆಚ್ಚು ಪವರಿನದು ಗಾಳಿಗೆ ನಡುಗುತ್ತದೆ. ಹಕ್ಕಿ ಎಣಿಸುವ ಜಾಗವಾದ ನಾರ್ತ್ ಲುಕೌಟ್‌ಗೆ ಸುಮಾರು ಒಂದೂವರೆ ಕಿಲೋಮೀಟರ್ ಕಲ್ಲುದಾರಿ. ಗಟ್ಟಿ ಶೂ ಬೇಕು. ಕೂರುವುದೂ ಬಂಡೆಯ ಮೇಲೆಯೇ, ಹಾಗಾಗಿ ದಪ್ಪ ದಿಂಬು, ಜೊತೆಗೆ ಒಂದು ಸ್ವೆಟರ್.

ಹುಡುಕುವುದು: ಹೊಸಬರು ಎಡವುವುದು ಇಲ್ಲೇ. ಹತ್ತಿರದ ಮರಕ್ಕೆ ಫೋಕಸ್ ಮಾಡಿಟ್ಟು ಆಕಾಶಕ್ಕೆ ಎತ್ತಿದರೆ ದೂರದ ಹಕ್ಕಿ ಮಸುಕಾಗಿ ಕಣ್ತಪ್ಪುತ್ತದೆ. ಮೊದಲೇ ದೂರದ ಬೆಟ್ಟಕ್ಕೆ ಅಥವಾ ಮೋಡದ ಅಂಚಿಗೆ ಫೋಕಸ್ ಮಾಡಿ. ಬೆಟ್ಟದ ಅಂಚಿನುದ್ದಕ್ಕೂ ನಿಧಾನ ಸರಿಸುತ್ತ ಹೋಗಿ. ಕೊನೆ ಮುಟ್ಟಿದ ಮೇಲೆ ತುಸು ಮೇಲೆತ್ತಿ ಹಿಂದಕ್ಕೆ ಬನ್ನಿ. ಗಿಡುಗಗಳನ್ನು ಹತ್ತಿರ ಸೆಳೆಯಲು ಕಂಬದ ತುದಿಗೆ ಇಟ್ಟಿರುವ ಪ್ಲಾಸ್ಟಿಕ್ ಗೂಬೆಯ ಮೇಲೂ ಒಂದು ಕಣ್ಣಿರಲಿ. ಶಾರ್ಪ್‌ಶಿನ್‌ಗಳು ಅದರ ಮೇಲೆರಗಲು ಕೈಗೆಟಕುವಷ್ಟು ಹತ್ತಿರ ಬರುವುದುಂಟು.

ಗುರುತಿಸುವುದು: ಬಣ್ಣ ನಂಬಬೇಡಿ, ಆ ದೂರಕ್ಕೆ ಎಲ್ಲವೂ ಕಪ್ಪೇ. ರೆಕ್ಕೆ ಚೂಪಾಗಿದ್ದರೆ ಫಾಲ್ಕನ್. ರೆಕ್ಕೆ ಗಿಡ್ಡ, ಬಾಲ ಉದ್ದ, ನಾಲ್ಕು ಬಡಿತ ಬಡಿದು ತೇಲಿದರೆ ಶಾರ್ಪ್‌ಶಿನ್ ಬಳಗ. ರೆಕ್ಕೆಯನ್ನು ಹಲಗೆಯಂತೆ ಚಪ್ಪಟೆ ಹಿಡಿದರೆ ಬಾಲ್ಡ್ ಈಗಲ್. ರೆಕ್ಕೆ ಮೇಲೆತ್ತಿ ಅತ್ತಿತ್ತ ಓಲಾಡಿದರೆ ಟರ್ಕಿ ವಲ್ಚರ್ ಎಂಬ ರಣಹದ್ದು.

ಎಣಿಸುವುದು: ಬಿಸಿಗಾಳಿಯ ಸುಳಿಯಲ್ಲಿ ನೂರಾರು ಬ್ರಾಡ್‌ವಿಂಗ್‌ಗಳು ಸುತ್ತುತ್ತಿರುವಾಗ ಎಣಿಸಲು ಹೋದರೆ ಲೆಕ್ಕ ತಪ್ಪುವುದು ಖಂಡಿತ. ತಡೆಯಿರಿ. ಸುಳಿಯ ತುದಿ ಮುಟ್ಟಿದವು ಒಂದರ ಹಿಂದೊಂದು ದಕ್ಷಿಣಕ್ಕೆ ಜಾರತೊಡಗಿದಾಗ ಎಣಿಕೆಯ ಕ್ಲಿಕ್ಕರ್ ಒತ್ತಿ. ಅಲ್ಲಲ್ಲೇ ಗಿರಕಿ ಹೊಡೆಯುವ ಸ್ಥಳೀಯ ಹಕ್ಕಿಗಳನ್ನು ಸೇರಿಸಬೇಡಿ.