ಕಪ್ಪು ಟೋಪಿಯೊಳಗಿನ ಕಣ್ಣು

ರಿವರ್ ಟರ್ನ್ ಹಕ್ಕಿಯ ಕಣ್ಣು ಕಾಣುವ ಹಾಗೆ ಒಂದು ಫೋಟೋ ತೆಗೆಯೋಕೆ ನನಗೆ ಮೂರು ಬೇಸಿಗೆ ಹಿಡಿಯಿತು. ಬೆನ್ನು ಬೂದು, ಹೊಟ್ಟೆ ಬಿಳಿ, ಕೊಕ್ಕು ಹಳದಿ, ಕಾಲು ಕೆಂಪು, ಬಾಲ ಕತ್ತರಿಯ ಹಾಗೆ ಸೀಳಿರುತ್ತದೆ. ತಲೆಯ ಮೇಲೆ ಮಾತ್ರ ಕಪ್ಪು ಟೋಪಿ. ಅದು ಕಣ್ಣನ್ನೂ ಮುಚ್ಚಿಕೊಂಡು ಇಳಿದಿರುತ್ತದೆ, ಕಣ್ಣೂ ಕಪ್ಪೇ. ಬೆಳಕು ಸರಿಯಾದ ಕಡೆಯಿಂದ ಬೀಳದಿದ್ದರೆ ಕಣ್ಣೇ ಇಲ್ಲದ ಹಕ್ಕಿಯ ಫೋಟೋ ಮನೆಗೆ ಬರುತ್ತದೆ.

ನಾನು ಹೋಗುವುದು ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ. ಮಳೆಗಾಲದಲ್ಲಿ ಡ್ಯಾಂ 186 ಅಡಿ ತುಂಬಿದಾಗ ಅಲ್ಲಿ ಬರೀ ನೀರು. ನಾಲೆಗೆ ನೀರು ಬಿಡ್ತಾ ಬಿಡ್ತಾ, ಮುಳುಗಿದ್ದ ಗುಡ್ಡಗಳ ನೆತ್ತಿ ಒಂದೊಂದಾಗಿ ಮೇಲೆ ಬರುತ್ತದೆ. ಮರವಿಲ್ಲ, ಪೊದೆಯಿಲ್ಲ, ಬರೀ ಕಲ್ಲು ಮಣ್ಣು. ಟರ್ನ್‌ಗೆ ಅದೇ ಬೇಕು. ಬೇಸಿಗೆಯಲ್ಲಿ ಇಂಥ ನಡುಗಡ್ಡೆಗಳಲ್ಲಿ ಗುಂಪು ಗುಂಪಾಗಿ ಸೇರಿ ಮೊಟ್ಟೆ ಇಡುತ್ತವೆ. ಗೂಡು ಅಂದರೆ ನೆಲದಲ್ಲಿ ಒಂದು ಸಣ್ಣ ತಗ್ಗು, ಅಷ್ಟೇ.

ಮೊದಲ ವರ್ಷ ಹನ್ನೊಂದು ಗಂಟೆಗೆ ಬೋಟ್ ಹತ್ತಿದ್ದೆ. ಬಿಸಿಲು ನೆತ್ತಿಯ ಮೇಲಿತ್ತು. ನೂರಾರು ಫೋಟೋ ತೆಗೆದೆ, ಒಂದರಲ್ಲೂ ಕಣ್ಣಿಲ್ಲ. ಹೊಟ್ಟೆಯ ಬಿಳಿ ಗರಿ ಸುಣ್ಣ ಬಳಿದ ಗೋಡೆಯ ಹಾಗೆ ಕಂಡಿತು. ದೂರದ ಹಕ್ಕಿಗಳಂತೂ ನೀರಿನಿಂದ ಏಳುವ ಝಳಕ್ಕೆ ಅಲುಗಾಡಿ ಮಸುಕಾಗಿದ್ದವು. ಆ ಝಳವನ್ನು ಎಷ್ಟೇ ದುಬಾರಿ ಲೆನ್ಸ್ ತಂದರೂ ಗೆಲ್ಲಲಾಗದು. ಅಂದಿನಿಂದ ಬೆಳಗಿನ ಮೊದಲ ಬೋಟ್ ಬಿಟ್ಟು ಬೇರೆಯದಕ್ಕೆ ನಾನು ಹೋಗಿಲ್ಲ. ಒಂಬತ್ತಾದರೆ ಲೆನ್ಸ್ ಚೀಲದೊಳಗೆ.

ನನ್ನದು ಕ್ರಾಪ್ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಫಲಕ ಚಿಕ್ಕದಿರುವ ಕ್ಯಾಮೆರಾ; ದೂರದ್ದನ್ನು ಹತ್ತಿರ ತರುವ 150-600 ಎಂಎಂ ಲೆನ್ಸ್. ಹಾರುವ ಟರ್ನ್‌ಗೆ ಶಟರ್ ವೇಗವನ್ನು ಸೆಕೆಂಡಿನ 1/3200ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, 6.3 ಅಥವಾ 7.1. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋ. ಜಾಸ್ತಿ ಕೈಕೊಡುವುದು ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಅನ್ನುವ ಲೆಕ್ಕ. ಹಿಂದೆ ಕಪ್ಪು ನೀರಿದ್ದರೆ ಕ್ಯಾಮೆರಾ ಇಡೀ ಚಿತ್ರ ಕತ್ತಲು ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಬಿಳಿ ಗರಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕೆ ಬೆಳಕು ಇಳಿಸೋಕೆ ಎಕ್ಸ್‌ಪೋಶರ್ ಮೈನಸ್ 0.7 ಇಡುತ್ತೇನೆ. ಅದೇ ಹಕ್ಕಿ ಮೇಲೆದ್ದು ಬೆಳ್ಳಗಿನ ಆಕಾಶದ ಮುಂದೆ ಬಂದರೆ ಪ್ಲಸ್ 0.7 ಬೇಕು. ಒಂದೇ ಹಕ್ಕಿ, ಎರಡು ಸೆಕೆಂಡಿನಲ್ಲಿ ಎರಡು ಲೆಕ್ಕ. ಇದರ ಹಿಂದೆ ಓಡಿ ಸುಸ್ತಾಗಿ ಕೊನೆಗೆ, ಎಲ್ಲವನ್ನೂ ನಾನೇ ಕೈಯಾರೆ ಹೊಂದಿಸುವ ಮ್ಯಾನುಯಲ್‌ಗೆ ಬಂದೆ. ಐಎಸ್‌ಒ ಆಟೋ ತೆಗೆದು, ಹೊಟ್ಟೆಯ ಬಿಳಿಗೆ ಒಮ್ಮೆ ಸರಿ ಮಾಡಿಟ್ಟರೆ ಮುಗಿಯಿತು. ಹಿಂದೆ ನೀರಿರಲಿ, ಆಕಾಶವಿರಲಿ, ಹಕ್ಕಿಯ ಮೇಲೆ ಬೀಳುವ ಬಿಸಿಲು ಅದೇ ಅಲ್ವಾ? ಮೋಡ ಬಂದಾಗ ಮಾತ್ರ ಮತ್ತೆ ನೋಡುತ್ತೇನೆ.

ಬೋಟ್‌ಗೆ ಟ್ರೈಪಾಡ್ ಒಯ್ಯುವುದಿಲ್ಲ. ಎಂಜಿನ್ನಿನ ನಡುಕ ಅದರ ಕಾಲು ಹಿಡಿದು ನೇರ ಲೆನ್ಸಿಗೆ ಹತ್ತುತ್ತದೆ. ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಅಕ್ಕಿ ತುಂಬಿ, ಎರಡೂ ಕಡೆ ಹೊಲಿದ ಚೀಲ ನನ್ನ ಹತ್ತಿರ ಇದೆ. ಎಂಜಿನ್ ನಿಂತ ಮೇಲೆ ಅದನ್ನು ಬೋಟಿನ ಅಂಚಿಗೆ ಹಾಕಿ ಲೆನ್ಸ್ ಒರಗಿಸಿದರೆ ಕೈ ನೋಯುವುದಿಲ್ಲ. ಲೆನ್ಸ್ ನೀರಿನ ಮಟ್ಟಕ್ಕೂ ಹತ್ತಿರವಾಗುತ್ತದೆ. ನಿಂತು ತೆಗೆದರೆ ಹಕ್ಕಿಯ ಬೆನ್ನು ಸಿಗುತ್ತದೆ, ಕೂತು ತೆಗೆದರೆ ಮುಖ.

ಗಾಳಿಯ ವಿಚಾರ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಟರ್ನ್ ಇಳಿಯುವುದೂ ಏಳುವುದೂ ಗಾಳಿಗೆ ಎದುರಾಗಿಯೇ. ಗಾಳಿಯೂ ಬಿಸಿಲೂ ಎರಡೂ ನಮ್ಮ ಬೆನ್ನಿಗಿದ್ದರೆ ಹಕ್ಕಿ ನಮ್ಮ ಕಡೆಗೇ ಮುಖ ಮಾಡಿ ಬರುತ್ತದೆ, ಮುಖದ ಮೇಲೆ ಬೆಳಕೂ ಬೀಳುತ್ತದೆ. ಈಗ ನಾನು ಬೋಟ್ ಓಡಿಸುವವರನ್ನು ಮೊದಲು ಕೇಳುವುದೇ ಇದು: "ಅಣ್ಣ, ಇವತ್ತು ಗಾಳಿ ಯಾವ ಕಡೆಯಿಂದ?"

ಮೀನು ಹಿಡಿಯುವಾಗ ಟರ್ನ್ ಕೊಕ್ಕನ್ನು ಕೆಳಕ್ಕೆ ಬಾಗಿಸಿಕೊಂಡು ಹಾರುತ್ತದೆ. ತಟ್ಟನೆ ರೆಕ್ಕೆ ಮಡಚಿ ಧುಮುಕುತ್ತದೆ. ಆ ಧುಮುಕುವಿಕೆಯ ಬೆನ್ನು ಹತ್ತಿ ನಾನು ಒಂದು ಬೇಸಿಗೆಯನ್ನೇ ಕಳೆದೆ. ಸಿಕ್ಕಿದ್ದು ನೀರಿನ ಚಿಮ್ಮು ಮಾತ್ರ. ಈಗ ಅದನ್ನು ಬಿಟ್ಟು, ಚಿಮ್ಮಿದ ಜಾಗದ ಮೇಲೆ ಫೋಕಸ್ ಹಿಡಿದು ಹಕ್ಕಿ ಏಳುವುದನ್ನು ಕಾಯುತ್ತೇನೆ. ನೀರಿನಿಂದ ಎದ್ದು ಸ್ವಲ್ಪ ಮೇಲೆ ಬಂದ ಮೇಲೆ ಅದು ಗಾಳಿಯಲ್ಲೇ ಒಮ್ಮೆ ಮೈ ಕೊಡವುತ್ತದೆ. ನಾಯಿ ಸ್ನಾನ ಮಾಡಿ ಕೊಡವುತ್ತದಲ್ಲ, ಹಾಗೇ. ಸುತ್ತಲೂ ಹನಿಗಳ ಬಳೆ. ಕೊಕ್ಕಿನಲ್ಲಿ ಅಡ್ಡ ಹಿಡಿದ ಬೆಳ್ಳಿ ಮೀನು. ಗಂಡು ಅದನ್ನು ತಾನು ತಿನ್ನದೆ ಹೆಣ್ಣಿಗೆ ಒಯ್ದು ಕೊಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಎರಡನೇ ಬೇಸಿಗೆಯ ಒಂದು ದಿನ ಮಾತ್ರ ಇನ್ನೂ ಮನಸ್ಸು ಕೊರೆಯುತ್ತದೆ. ಬಿಸಿಲೇರಿತ್ತು. "ಇನ್ನೊಂಚೂರು ಹತ್ತಿರ" ಅಂತ ನಾನೇ ಒತ್ತಾಯ ಮಾಡಿ ಬೋಟನ್ನು ನಡುಗಡ್ಡೆಗೆ ಒತ್ತರಿಸಿದೆ. ಹಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ಆಕಾಶದ ತುಂಬ ಕಿರುಚಾಟ. ಕೆಳಗೆ ನೋಡಿದರೆ ಬರಿ ನೆಲದ ಮೇಲೆ ಮೊಟ್ಟೆ. ಮಣ್ಣಿನದೇ ಬಣ್ಣ, ಮೇಲೆ ಕಂದು ಚುಕ್ಕಿ. ಮೊದಲು ಕಲ್ಲು ಅಂದುಕೊಂಡೆ. ಟರ್ನ್ ಕಾವು ಕೂರುವುದು ಬೆಚ್ಚಗಿಡೋಕೆ ಮಾತ್ರ ಅಲ್ಲ, ಸುಡುವ ಬಿಸಿಲಿಗೆ ನೆರಳಾಗೋಕೆ ಕೂಡ. ಹಕ್ಕಿ ಎದ್ದು ಹೋದರೆ ಮೊಟ್ಟೆ ಬೇಯುತ್ತದೆ. ಕಾಗೆ, ಹದ್ದು ಇದಕ್ಕೇ ಕಾಯುತ್ತಿರುತ್ತವೆ. ಬೋಟಿನ ಅಣ್ಣ ನನ್ನನ್ನು ಕೇಳದೆ ಹಿಂದಕ್ಕೆ ತಿರುಗಿಸಿದರು. "ಸಾರ್, ಅವು ಕೂರೋ ತನಕ ನಾವಿಲ್ಲಿ ಇರಬಾರದು" ಅಂದರು. ಆ ದಿನದ ಫೋಟೋಗಳನ್ನು ರಾತ್ರಿಯೇ ಅಳಿಸಿ ಹಾಕಿದೆ.

ಈಗ ನನ್ನ ಅಳತೆಯೇ ಬೇರೆ. ಕೂತ ಹಕ್ಕಿ ಕತ್ತು ಎತ್ತಿದರೆ ಅಲ್ಲಿಗೇ ನಿಲ್ಲುತ್ತೇವೆ. ಒಂದು ಎದ್ದರೂ ಹಿಂದೆ ಸರಿಯುತ್ತೇವೆ. ಹಕ್ಕಿ ಚೌಕಟ್ಟಿನಲ್ಲಿ ಚಿಕ್ಕದಾಗುತ್ತದೆ, ಆಗಲಿ. ಮುಂದೆ ನೀರು, ಹಿಂದೆ ಭದ್ರಾ ಕಾಡಿನ ನೀಲಿ ಗುಡ್ಡ, ನಡುವೆ ಬೋಳು ದಿಬ್ಬದ ಮೇಲೆ ಸಾಲಾಗಿ ಬಿಳಿ ಚುಕ್ಕಿಗಳು. ಅವು ಎಂಥ ಜಾಗದಲ್ಲಿ ಬದುಕುತ್ತವೆ ಅಂತ ಆ ಚಿತ್ರ ಹೇಳುತ್ತದೆ. ಬರೀ ಹಕ್ಕಿ ತುಂಬಿದ ಚಿತ್ರ ಅದನ್ನು ಹೇಳುವುದಿಲ್ಲ.

ಕಣ್ಣು ಸಿಕ್ಕಿದ್ದು ಮೂರನೇ ಬೇಸಿಗೆ, ಏಪ್ರಿಲ್‌ನಲ್ಲಿ. ಬೆಳಿಗ್ಗೆ ಏಳೂವರೆ ಇರಬಹುದು. ದೂರದಲ್ಲೇ ಎಂಜಿನ್ ನಿಲ್ಲಿಸಿ ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದೆವು. ಒಂದು ಟರ್ನ್ ನೀರಿಗಿಳಿದು ಹೊಟ್ಟೆ ತೋಯಿಸಿಕೊಂಡು ಹಾರಿ ಬಂತು. ಮೊಟ್ಟೆ ತಂಪಾಗಿಡೋಕೆ ಅವು ಹೀಗೆ ಮಾಡುತ್ತವೆ. ತಗ್ಗಿನ ಪಕ್ಕ ಇಳಿಯಿತು. ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂರುವ ಮೊದಲು ಒಮ್ಮೆ ತಲೆ ಓರೆ ಮಾಡಿ ಸೂರ್ಯನ ಕಡೆ ತಿರುಗಿತು. ಕಪ್ಪು ಟೋಪಿಯೊಳಗೆ ಸಾಸಿವೆ ಕಾಳಿನಷ್ಟು ಬೆಳಕು ಮಿನುಗಿತು. ನಾಲ್ಕು ಫ್ರೇಮ್ ತೆಗೆದೆ. ಅಷ್ಟರಲ್ಲಿ ಅದು ಮೊಟ್ಟೆಯ ಮೇಲೆ ಮೈ ಹರಡಿ ಕೂತಾಗಿತ್ತು. ಬೋಟಿನ ಅಣ್ಣ ಹುಟ್ಟು ಹಾಕಿಕೊಂಡೇ, ಎಂಜಿನ್ ಹಚ್ಚದೆ, ಮೆಲ್ಲಗೆ ಹಿಂದಕ್ಕೆ ಹೊರಟರು.