ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಕೇಳಿದರೆ

ತಂದೆಯ ವರ್ಷಾಂತಿಕ ಮುಗಿಯುವ ಮೊದಲೇ ಫೋನ್ ಬರುತ್ತದೆ: "ಅಕ್ಕ, ನಾಳೆ ಹತ್ತು ಗಂಟೆಗೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಾ, ಆಧಾರ್ ಹಿಡ್ಕೊ, ಒಂದು ಸೈನ್ ಉಂಟು ಅಷ್ಟೇ." ಹೆಚ್ಚಾಗಿ ಅದು ಹಕ್ಕು ಖುಲಾಸೆ ಪತ್ರವೇ, ಅಂದರೆ ಆಸ್ತಿಯಲ್ಲಿ ನಿಮ್ಮ ಪಾಲು ಬಿಟ್ಟುಕೊಟ್ಟೆ ಎಂದು ಬರೆದುಕೊಡುವ ಕಾಗದ.

"ವಕೀಲರಿಗೆ ತೋರಿಸಿ ಹೇಳ್ತೇನೆ" ಎಂದಷ್ಟೇ ಹೇಳಿ ಕರಡು ತರಿಸಿಕೊಳ್ಳಿ. ಷೆಡ್ಯೂಲಿನ (ಆಸ್ತಿಗಳ ಪಟ್ಟಿಯ) ಸರ್ವೆ ನಂಬರ್‌ಗಳನ್ನು ಪಹಣಿಯೊಂದಿಗೆ ತಾಳೆ ನೋಡಿ. "ಮುಂದೆ ಕಂಡುಬರುವ ಆಸ್ತಿಗಳೂ ಸೇರಿ" ಎಂಬ ಸಾಲಿದ್ದರೆ ಹೊಡೆಸಿ. ಹಿತ್ತಿಲ ಅಡಿಕೆ ತೋಟ ಮಾತ್ರ ಬಿಟ್ಟೆ ಅಂದುಕೊಂಡವರಿಗೆ ಹೆದ್ದಾರಿ ಬದಿಯ ಐದು ಸೆಂಟ್ಸೂ ಹೋಗುವುದು ಆ ಸಾಲಿನಿಂದ.

ವಂಶವೃಕ್ಷವನ್ನೂ ನೋಡಿ. ಮದುವೆಯಾದ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಬಿಟ್ಟುಹೋಗುವುದುಂಟು, ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅದೇ ಆಧಾರ. ಬಿಟ್ಟಿದ್ದರೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತೆ ತಮ್ಮನ ಹೆಸರಿಗಾದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗದು, ಆದರೆ ಅವನಿಗೆ ಮಾರುವುದು ಸುಲಭವಾಗುತ್ತದೆ.

"ನಮ್ಮದು ಅಳಿಯಕಟ್ಟು, ಹೆಣ್ಣಿಗೇ ಎಲ್ಲ" ಎಂಬ, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದವರ ಹೆಮ್ಮೆ ಕಾಗದದ ಮುಂದೆ ನಿಲ್ಲುವುದಿಲ್ಲ. ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಿತಾಕ್ಷರ ಕುಟುಂಬಗಳಿಗೆ, ಅಂದರೆ ತಂದೆಯ ಕಡೆಯಿಂದ ಆಸ್ತಿ ಇಳಿಯುವವರಿಗೆ. ಅಲ್ಲಿ ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಪಾಲುಂಟು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಮಾರಾಟ, ವೀಲುನಾಮೆ, ನೋಂದಣಿಯಾದ ಪಾಲುಪಟ್ಟಿ, ಕೋರ್ಟ್ ಡಿಕ್ರಿಯ ಪಾಲು ಇವನ್ನು ಮಾತ್ರ ಮುಟ್ಟಲಾಗದು. ಅಳಿಯಸಂತಾನದ ಕುಟುಂಬ ಆಸ್ತಿಗೆ ಅದೇ 1956ರ ಕಾಯ್ದೆಯ 7ನೇ ಕಲಂ ಬೇರೆಯೇ ಲೆಕ್ಕ ಹೇಳುತ್ತದೆ. ತಂದೆ ಸ್ವಂತ ದುಡಿದದ್ದಾದರೆ, ವೀಲುನಾಮೆ ಇಲ್ಲದಿದ್ದಲ್ಲಿ ಮಗಳಿಗೂ ಮಗನಷ್ಟೇ. ಯಾವ ಆಸ್ತಿ ಯಾವ ಲೆಕ್ಕದ್ದು? ವಕೀಲರಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ.

ಮನೆಯಲ್ಲಿ ಎರಡು ಮಾತು ಬಂದೇ ಬರುತ್ತವೆ. ಮದುವೆಗೆ ಹಾಕಿದ ಚಿನ್ನವೇ ನಿನ್ನ ಪಾಲು ಎಂಬುದು ಒಂದು; ಕಾನೂನಿನಲ್ಲಿ ಅದು ಪಾಲಲ್ಲ. ತಂಬಿಲ, ಕೋಲದ (ನಾಗ, ದೈವಗಳ ಸೇವೆಯ) ಖರ್ಚು ನಾವೇ ನೋಡುವುದು ಎಂಬುದು ಇನ್ನೊಂದು. ಈ ಮಾತಿನಲ್ಲಿ ಹುರುಳಿದೆ, ಆದ್ದರಿಂದ ಉತ್ತರವನ್ನು ಪಾಲುಪಟ್ಟಿಯಲ್ಲೇ ಬರೆಸಿ: ನಾಗಬನ, ದೈವದ ಚಾವಡಿ, ಬಾವಿ, ದಾರಿ ಎಲ್ಲರಿಗೂ ಸಾಮಾನ್ಯ, ವರ್ಷದ ಖರ್ಚು ಪಾಲಿನ ಪ್ರಕಾರ. ಪಾಲು ಕೇಳಿದರೆ ತವರು ಮುರಿಯುತ್ತದೆ ಅನ್ನುವವರು, ಪಾಲು ತೆಗೆದುಕೊಂಡ ತಮ್ಮನಿಗೆ ಅಕ್ಕನ ಮನೆ ಮುಚ್ಚಿತು ಅನ್ನುವುದಿಲ್ಲ, ನೋಡಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಅಲ್ಲಿನ ಉಚಿತ ನೆರವಿಗೆ ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಮೋಸದಿಂದ ಸಹಿ ಹಾಕಿಸಿಕೊಂಡಿದ್ದರೆ, ಅದು ಗೊತ್ತಾದ ದಿನದಿಂದ 3 ವರ್ಷದೊಳಗೆ ಪತ್ರ ರದ್ದತಿಗೆ ದಾವೆ ಹೂಡಬೇಕು.