ಕಾರ್ಖಾನೆಯ ಎಂಜಿನಿಯರುಗಳಿಗೆ ಜನರೇಟಿವ್ ಎಐ: ಬೈಕಂಪಾಡಿಯಲ್ಲಿ ನನ್ನ ಅನುಭವ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ನಿರ್ವಹಣಾ ವಿಭಾಗದ ಎಂಜಿನಿಯರ್. ಪಂಪು, ಮೋಟರು, ಕಂಪ್ರೆಸರುಗಳು ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಎಂಟು ಮಂದಿಯ ಕೆಲಸ. ಸಾಫ್ಟ್‌ವೇರ್ ನಮ್ಮಲ್ಲಿ ಯಾರ ಕಸುಬೂ ಅಲ್ಲ. ಹಾಗಿದ್ದೂ ಒಂದು ಮಳೆಗಾಲದ ಶನಿವಾರಗಳಲ್ಲಿ ಜನರೇಟಿವ್ ಎಐ, ಅಂದರೆ ಕೇಳಿದ್ದಕ್ಕೆ ತಾನೇ ಪಠ್ಯ ರಚಿಸಿ ಉತ್ತರಿಸುವ ಕೃತಕ ಬುದ್ಧಿಮತ್ತೆ, ಎಂದರೇನೆಂದು ಸಹೋದ್ಯೋಗಿಗಳಿಗೆ ವಿವರಿಸುವ ಹೊಣೆ ನನ್ನ ಮೇಲೆ ಬಂತು. ಅದಕ್ಕೆ ಕಾರಣವಾದದ್ದು ಒಂದು ತಪ್ಪು ಉತ್ತರ.

ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬರು ಹಳೆಯ ಪಂಪೊಂದರ ಕಪ್ಲಿಂಗ್ (ಪಂಪನ್ನೂ ಮೋಟರನ್ನೂ ಜೋಡಿಸುವ ಭಾಗ) ಬೋಲ್ಟುಗಳನ್ನು ಎಷ್ಟು ಟಾರ್ಕಿಗೆ, ಅಂದರೆ ಎಷ್ಟು ತಿರುಚುಬಲಕ್ಕೆ, ಬಿಗಿಯಬೇಕೆಂದು ಚಾಟ್‌ಬಾಟ್ ಒಂದನ್ನು ಕೇಳಿದ್ದರು. ಅದು ಒಂದು ಅಂಕಿಯನ್ನು ಕೊಟ್ಟು, ತಯಾರಕರ ಕೈಪಿಡಿಯ ಪುಟಸಂಖ್ಯೆಯನ್ನೂ ಹೇಳಿತ್ತು. ನಮ್ಮ ಹಿರಿಯ ಫೋರ್‌ಮನ್ ಕಪಾಟಿನಿಂದ ಆ ಕೈಪಿಡಿಯನ್ನು ತೆಗೆದು ನೋಡಿದರೆ ಅಷ್ಟು ಪುಟಗಳೇ ಅದರಲ್ಲಿರಲಿಲ್ಲ. ಸ್ಪ್ಯಾನರ್ ಹಿಡಿಯುವ ಮೊದಲೇ ತಿಳಿದದ್ದರಿಂದ ಅನಾಹುತವೇನೂ ಆಗಲಿಲ್ಲ. ಆದರೆ ಫೋರ್‌ಮನ್ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ: "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಬಹುದಿತ್ತಲ್ಲ ಮಾರಾಯ್ರೆ, ಪುಟದ ನಂಬ್ರ ಸಹ ಯಾಕೆ ಹೇಳಿದ್ದು?"

ಮೊದಲ ಶನಿವಾರ ನಾನು ಬೋರ್ಡಿನ ಮೇಲೆ "ಕೈ ಕೆಸರಾದರೆ ಬಾಯಿ" ಎಂದು ಬರೆದು ನಿಲ್ಲಿಸಿದೆ. ಎಲ್ಲರೂ ಒಟ್ಟಿಗೆ "ಮೊಸರು" ಎಂದರು. ಅನಂತರ "ಪಂಪಿನ ಬೇರಿಂಗ್ ಬಿಸಿಯಾಗಲು ಕಾರಣ" ಎಂದು ಬರೆದೆ. ಗ್ರೀಸ್ ಕಡಿಮೆಯಾದದ್ದು ಎಂದರು ಒಬ್ಬರು, ಹೆಚ್ಚಾದದ್ದು ಎಂದರು ಇನ್ನೊಬ್ಬರು, ಅಲೈನ್‌ಮೆಂಟ್ ತಪ್ಪಿದ್ದು ಎಂದರು ಮತ್ತೊಬ್ಬರು. ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿ ಮಾಡುವುದೂ ಮೂಲತಃ ಇದೇ ಕೆಲಸ: ಈವರೆಗಿನ ಪಠ್ಯವನ್ನು ನೋಡಿ, ಮುಂದೆ ಬರಬಹುದಾದ ಪ್ರತಿಯೊಂದು ತುಣುಕಿಗೂ ಒಂದು ಸಂಭವನೀಯತೆಯನ್ನು ಲೆಕ್ಕಹಾಕಿ, ಅವುಗಳಲ್ಲಿ ಒಂದನ್ನು ಆರಿಸಿ ಬರೆದು, ಮತ್ತೆ ಮೊದಲಿನಿಂದ ಅದೇ ಲೆಕ್ಕವನ್ನು ಮಾಡುತ್ತದೆ. ಮೂರನೆಯದಾಗಿ ನಾನು "ಆ ಹಳೆಯ ಪಂಪಿನ ಕಪ್ಲಿಂಗ್ ಬೋಲ್ಟಿನ ಟಾರ್ಕ್" ಎಂದು ಬರೆದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮನುಷ್ಯರು ಸುಮ್ಮನಾಗುವ ಈ ಜಾಗದಲ್ಲಿ ಮಾದರಿ ಸುಮ್ಮನಾಗುವುದಿಲ್ಲ, ಏಕೆಂದರೆ ಅದರ ಸಂಭವನೀಯತೆಗಳ ಮೊತ್ತ ಯಾವಾಗಲೂ 1 ಆಗಿರುತ್ತದೆ. ಪಟ್ಟಿಯಲ್ಲಿ ಏನಾದರೊಂದು ಮೇಲೆ ಇದ್ದೇ ಇರುತ್ತದೆ. "ಗೊತ್ತಿಲ್ಲ" ಎನ್ನುವುದು ಸಹ ತರಬೇತಿಯಿಂದ ಕಲಿಸಬೇಕಾದ ಒಂದು ಉತ್ತರ. ಕೈಪಿಡಿಗಳ ಭಾಷೆಯಲ್ಲಿ ಟಾರ್ಕಿನ ಪಕ್ಕದಲ್ಲಿ ಪುಟಸಂಖ್ಯೆ ಬರುವುದು ಸಹಜವಾದ್ದರಿಂದ ಅದೂ ಬಂತು. ಫೋರ್‌ಮನ್ ತಲೆದೂಗಿದರು.

ಇತಿಹಾಸವನ್ನು ನಾನು ಹತ್ತೇ ನಿಮಿಷದಲ್ಲಿ ಮುಗಿಸಿದೆ. ಪದಗಳ ಸಂಭವನೀಯತೆಯಿಂದ ವಾಕ್ಯ ಕಟ್ಟುವ ಪ್ರಯೋಗವನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಮಾಡಿ ತೋರಿಸಿದ್ದರು. 2017ರಲ್ಲಿ ಗೂಗಲ್‌ನ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ರಚನೆಯನ್ನು ಪ್ರಕಟಿಸಿದರು. 2020ರ ಜಿಪಿಟಿ-3 ಎಂಬ ಭಾಷಾ ಮಾದರಿಯಲ್ಲಿ 17,500 ಕೋಟಿ ಪ್ಯಾರಾಮೀಟರುಗಳಿದ್ದವು (ತರಬೇತಿಯಲ್ಲಿ ಹೊಂದಿಸಿಕೊಳ್ಳುವ ಸಂಖ್ಯೆಗಳು), 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ನಮ್ಮ ಎಲೆಕ್ಟ್ರಿಕಲ್ ಎಂಜಿನಿಯರಿಗೆ ಟ್ರಾನ್ಸ್‌ಫಾರ್ಮರ್ ಎಂದರೆ ಸಬ್‌ಸ್ಟೇಷನ್ನಿನಲ್ಲಿರುವುದೇ ಆದ್ದರಿಂದ, ಇಲ್ಲಿ ಅದು ವಾಕ್ಯದ ಯಾವ ಪದ ಯಾವ ಪದಕ್ಕೆ ಸಂಬಂಧಿಸಿದೆ ಎಂದು ತೂಗುವ ಗಣಿತವೆಂದು ಬೇರೆಯಾಗಿ ಹೇಳಬೇಕಾಯಿತು.

ಮುಂದಿನ ತುಣುಕನ್ನು ಆರಿಸುವಾಗ ಎಷ್ಟು ಏರುಪೇರಿಗೆ ಅವಕಾಶವೆಂದು ಹೇಳುವ ಟೆಂಪರೇಚರ್ ಎಂಬ ನಿಯಂತ್ರಣದ ಬಗ್ಗೆ ಮಾತ್ರ ಹೆಚ್ಚು ಹೊತ್ತು ನಿಂತೆವು. ಅದನ್ನು ಸೊನ್ನೆಗೆ ಇಳಿಸಿದರೆ ಉತ್ತರ ನಿಜವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಕೆಲವರಿಗಿತ್ತು. ಸೊನ್ನೆಯಲ್ಲಿ ಮಾದರಿ ಪ್ರತಿ ಸಲವೂ ಪಟ್ಟಿಯ ತುದಿಯಲ್ಲಿರುವುದನ್ನೇ ಆರಿಸುತ್ತದೆ, ಅಷ್ಟೇ. ಸೂಜಿ ಅಲ್ಲಾಡದ ಪ್ರೆಶರ್ ಗೇಜು ಸರಿಯಾದ ಒತ್ತಡವನ್ನೇ ತೋರಿಸುತ್ತಿದೆ ಎಂದು ನಾವು ಯಾರೂ ಭಾವಿಸುವುದಿಲ್ಲ. ಕ್ಯಾಲಿಬ್ರೇಶನ್ ಬೇರೆ, ಸ್ಥಿರತೆ ಬೇರೆ.

ಹಾಗಾದರೆ ಇದರಿಂದ ನಮಗೇನು ಉಪಯೋಗ? ಉತ್ತರವನ್ನು ಮಾದರಿಯ ನೆನಪಿನಿಂದ ಕೇಳದೆ, ನಮ್ಮದೇ ಕೈಪಿಡಿ ಮತ್ತು ಲಾಗ್‌ಬುಕ್ಕುಗಳಿಂದ ಸಂಬಂಧಪಟ್ಟ ಭಾಗವನ್ನು ಹುಡುಕಿ ಅದರ ಮುಂದಿಟ್ಟು ಕೇಳುವ ವಿಧಾನವನ್ನು ನಾವು ಹಿಡಿದೆವು. ದಾಖಲೆಗಳನ್ನು ಹೊರಗೆ ಕಳುಹಿಸಲು ಅನುಮತಿ ಇರಲಿಲ್ಲ. 700 ಕೋಟಿ ಪ್ಯಾರಾಮೀಟರುಗಳ ಮಾದರಿಗೆ, ಪ್ರತಿ ಪ್ಯಾರಾಮೀಟರನ್ನು 16 ಬಿಟ್‌ಗಳಲ್ಲಿ ಇಟ್ಟರೆ, ಸುಮಾರು 14 ಜಿಬಿ ಮೆಮೊರಿ ಬೇಕು, 4 ಬಿಟ್‌ಗಳಿಗೆ ಇಳಿಸಿದರೆ ಸುಮಾರು 3.5 ಜಿಬಿ, ಆದ್ದರಿಂದ ವಿಭಾಗದ ಕಂಪ್ಯೂಟರಿನಲ್ಲೇ ಅದನ್ನು ನಡೆಸಿದೆವು.

ಕಷ್ಟವೆಲ್ಲ ದಾಖಲೆಗಳಲ್ಲಿತ್ತು. ಮೊದಲ ಸಲ ನಾನು ಕೈಪಿಡಿಯನ್ನು ಪದಗಳ ಲೆಕ್ಕದಲ್ಲಿ ತುಂಡರಿಸಿದಾಗ ಕೋಷ್ಟಕದ ತಲೆಸಾಲು ಒಂದು ತುಂಡಿನಲ್ಲಿ, ಅಂಕಿಗಳು ಇನ್ನೊಂದರಲ್ಲಿ ಉಳಿದವು. 6309 ಬೇರಿಂಗಿನ ಒಳವ್ಯಾಸ 45 ಮಿ.ಮೀ., ಹೊರವ್ಯಾಸ 100 ಮಿ.ಮೀ.; ನಮ್ಮ ಮಾದರಿ ಇವೆರಡನ್ನೂ ಅದಲುಬದಲು ಮಾಡಿತು. ಬಳಿಕ ಕೋಷ್ಟಕಗಳನ್ನು ಕತ್ತರಿಸದೆ ಇಡಿಯಾಗಿಯೇ ಸೇರಿಸಿದೆ. ಕನ್ನಡದ ಲಾಗ್‌ಬುಕ್ಕುಗಳದ್ದು ಬೇರೆಯೇ ಕಥೆ. "ಮಂಗಳೂರು" ಎಂಬ ಪದ ಕಂಪ್ಯೂಟರು ಅಕ್ಷರಗಳನ್ನು ಉಳಿಸಿಡುವ ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ 21 ಬೈಟ್ ಆಗುತ್ತದೆ, ಅದೇ ಹೆಸರು ಇಂಗ್ಲಿಷ್ ಲಿಪಿಯಲ್ಲಿ 9 ಬೈಟ್. ಟೋಕನ್‌ಗಳ (ಮಾದರಿ ಓದಿ ಬರೆಯುವ ಪಠ್ಯದ ತುಣುಕುಗಳ) ಪಟ್ಟಿ ಮುಖ್ಯವಾಗಿ ಇಂಗ್ಲಿಷಿನಿಂದ ತಯಾರಾದ ಮಾದರಿಗಳಲ್ಲಿ ನಮ್ಮ ಪದಗಳು ನುಚ್ಚುನೂರಾಗಿ, ಸಮಯವೂ ಮೆಮೊರಿಯೂ ಹೆಚ್ಚು ಖರ್ಚಾಗುತ್ತವೆ.

ನನಗೆ ಅತ್ಯಂತ ಸಂತೋಷ ಕೊಟ್ಟ ಕ್ಷಣವೂ ಆ ಲಾಗ್‌ಬುಕ್ಕುಗಳಿಂದಲೇ ಬಂತು. "ಪಂಪಿನೊಳಗೆ ಜಲ್ಲಿ ಹಾಕಿದ ಹಾಗೆ ಶಬ್ದ" ಎಂದು ಒಬ್ಬರು ಎಂದೋ ಬರೆದಿಟ್ಟಿದ್ದರು. ಪಠ್ಯದ ಅರ್ಥವನ್ನು ಸಂಖ್ಯೆಗಳ ಸಾಲಾಗಿ ಬದಲಿಸುವ ಬಹುಭಾಷಾ ಮಾದರಿಯೊಂದನ್ನು ಜೋಡಿಸಿದ ಮೇಲೆ, ಆ ಸಾಲಿಗೆ ಇಂಗ್ಲಿಷ್ ಕೈಪಿಡಿಯ ಕ್ಯಾವಿಟೇಶನ್ ಅಧ್ಯಾಯ ಹತ್ತಿರದ್ದೆಂದು ಹುಡುಕಾಟ ತೋರಿಸಿತು. ಎರಡರಲ್ಲಿ ಒಂದು ಪದವೂ ಸಮಾನವಾಗಿರಲಿಲ್ಲ. ಸಕ್ಷನ್ ಒತ್ತಡ ಇಳಿದಾಗ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ, ಪಂಪಿನ ತಿರುಗುವ ಚಕ್ರವಾದ ಇಂಪೆಲ್ಲರಿನಲ್ಲಿ ಒಡೆದು ಆ ಶಬ್ದ ಬರುತ್ತದೆ; ಇದೇ ಕ್ಯಾವಿಟೇಶನ್. ಆಷಾಢದ ಮಳೆಗೆ ಎಲೆ, ಕೆಸರು ಬಂದು ಸ್ಟ್ರೈನರ್ (ಪಂಪಿಗೆ ಹೋಗುವ ನೀರಿನ ಜಾಲರಿ) ಕಟ್ಟಿಕೊಳ್ಳುವುದು ನಮ್ಮಲ್ಲಿ ಅದಕ್ಕೆ ಕಾರಣ.

ಫೋರ್‌ಮನ್ ತಾವೇ ಉತ್ತರ ಬಲ್ಲ 40 ಪ್ರಶ್ನೆಗಳನ್ನು ಬರೆದುಕೊಟ್ಟರು. ಏನೇ ಬದಲಿಸಿದರೂ ಆ 40ನ್ನೂ ಮತ್ತೆ ಕೇಳಿ ನೋಡುತ್ತೇವೆ. ಅವುಗಳಲ್ಲಿ ಐದಕ್ಕೆ ನಮ್ಮ ದಾಖಲೆಗಳಲ್ಲಿ ಉತ್ತರವೇ ಇಲ್ಲ, ಮಾದರಿ "ಗೊತ್ತಿಲ್ಲ" ಎನ್ನುತ್ತದೆಯೇ ಎಂದು ನೋಡಲು ಅವನ್ನು ಅವರು ಬೇಕೆಂದೇ ಸೇರಿಸಿದ್ದಾರೆ. ಟಾರ್ಕ್, ಕ್ಲಿಯರೆನ್ಸ್, ಒತ್ತಡ ಮುಂತಾದ ಅಂಕಿಗಳನ್ನು ಈಗ ಮಾದರಿ ಬರೆಯುವುದಿಲ್ಲ. ಕೈಪಿಡಿಯ ಆ ಪುಟದ ಚಿತ್ರವೇ ಪರದೆಯ ಮೇಲೆ ಬರುತ್ತದೆ, ಬಿಗಿಯುವವರು ಅದನ್ನು ಕಣ್ಣಾರೆ ಓದಿ ಜಾಬ್ ಕಾರ್ಡಿನಲ್ಲಿ ಪುಟಸಂಖ್ಯೆಯನ್ನು ಬರೆದು ಸಹಿ ಹಾಕುತ್ತಾರೆ.